ಅತ್ತೆಯ ಪಾಸ್ ಥಾಣೆ ತನಕ

ಕೆರೆ ದಂಡೆಯ ಪಾರ್ಕಿಗೆ ದಿನಾ ಹೋಗುವವರಿಗೆ ಆರೋಗ್ಯ ಸಿಗುತ್ತದೋ ಇಲ್ಲವೋ, ಮನೆಗೆ ಬಂದು ಹೇಳಿಕೊಂಡು ನಗಲು ಒಂದಲ್ಲ ಒಂದು ಸಂಗತಿಯಂತೂ ಸಿಕ್ಕೇ ಸಿಗುತ್ತದೆ. ಒಬ್ಬಳೇ ಹೋದರೆ ವಾರಕ್ಕೊಂದು ಸಿಗುತ್ತಿತ್ತು. ಅತ್ತೆಯನ್ನು ಕರೆದುಕೊಂಡು ಹೋಗತೊಡಗಿದ ಮೇಲೆ ದಿನಕ್ಕೆರಡು.

ನಮ್ಮದು ಥಾಣೆಯ ಒಂದು ಹೌಸಿಂಗ್ ಸೊಸೈಟಿ. ಗೇಟು ದಾಟಿ ರಸ್ತೆಯ ಆಚೆ ಬದಿಗೆ ಹೋದರೆ ಕೆರೆ, ಕೆರೆಯ ಸುತ್ತ ಪಾರ್ಕು. ದೊಡ್ಡ ಪಾರ್ಕೇನಲ್ಲ. ಆರೋಗ್ಯವಂತರು ಐದು ನಿಮಿಷದಲ್ಲಿ ಒಂದು ಸುತ್ತು ಮುಗಿಸುತ್ತಾರೆ. ಆದರೆ ಇಷ್ಟು ಜನ, ಇಷ್ಟು ಗದ್ದಲ, ಇಷ್ಟು ರಿಕ್ಷಾ ಇರುವ ಊರಿನ ಮಧ್ಯದಲ್ಲಿ ಒಂದು ತಟ್ಟೆ ನೀರನ್ನು ಯಾರೂ ಮುಚ್ಚದೆ ಉಳಿಸಿದ್ದಾರಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆಯೆನಿಸುತ್ತದೆ. ಬೆಳಿಗ್ಗೆ ಕಲ್ಲಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಾ ಕೂತಿರುತ್ತವೆ. ತೋಟದ ಮಾಳಿ ಪೈಪು ಹಿಡಿದು ದಾಸವಾಳಕ್ಕೆ ಸ್ನಾನ ಮಾಡಿಸುತ್ತಿರುತ್ತಾನೆ. ಟಿಕೆಟ್ ಇಲ್ಲ, ಯಾರು ಬೇಕಾದರೂ ಬರಬಹುದು, ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ಈ ಕೂರುವ ವಿಷಯದಲ್ಲೇ ನಮ್ಮ ಕಷ್ಟ ಶುರುವಾದದ್ದು.

ಗೇಟು ಸಿಗದವನು

ಅತ್ತೆಗೆ ಎಪ್ಪತ್ತೆಂಟು. ಉಡುಪಿ ಕಡೆಯಿಂದ ಮದುವೆಯಾಗಿ ಡೊಂಬಿವಲಿಗೆ ಬಂದವರು. ಥಾಣೆಯ ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವರು. ಅಷ್ಟೂ ವರ್ಷ ಡೊಂಬಿವಲಿಯಿಂದ ಥಾಣೆಗೆ ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ಹೋಗಿಬಂದವರು. ಮಾವ ತೀರಿದ ಮೇಲೂ ಡೊಂಬಿವಲಿಯ ಮನೆ ಬಿಟ್ಟವರಲ್ಲ. ಎರಡನೇ ಮಹಡಿ, ಲಿಫ್ಟ್ ಇಲ್ಲ. ಅಲ್ಲಿ ಅವರ ಅಡುಗೆಮನೆ, ಅವರ ಗೆಳತಿಯರು, ಬಾಗಿಲಿಗೆ ಅವರದೇ ಬೀಗ.

ನವರಾತ್ರಿಯ ಹೊತ್ತಿಗೆ ಅಲ್ಲೇ ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ, ವಾಕರ್ ಹಿಡಿದು ನಮ್ಮ ಮನೆಗೆ ಬಂದರು. ಹೊಸ್ತಿಲು ದಾಟುವ ಮೊದಲೇ ಹೇಳಿಬಿಟ್ಟರು: "ನಾನು ಇಲ್ಲಿ ಇರ್ಲಿಕ್ಕೆ ಬಂದದ್ದಲ್ಲ, ಆಯ್ತಾ? ಕಾಲು ಸರಿ ಆದ ಕೂಡ್ಲೆ ಡೊಂಬಿವಲಿ."

ನಿಜ ಹೇಳುತ್ತೇನೆ, ಆ ಮಾತು ಕೇಳಿ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಬೇಲಾಪುರದ ಆಫೀಸಿಗೆ ಇಪ್ಪತ್ತು ವರ್ಷ ಓಡಾಡಿ, ಕೆಲಸ ಬಿಟ್ಟು, ನನ್ನ ಮನೆಯ ಸೋಫಾದಲ್ಲಿ ಈಗಷ್ಟೇ ಹಾಯಾಗಿ ಕೂತವಳು ನಾನು. ಅತ್ತೆ ಮನೆಯೊಳಗೆ ತುಳು ಮಾತಾಡುತ್ತಾರೆ, ನನ್ನೊಬ್ಬಳ ಹತ್ತಿರ ಮಾತ್ರ ಕನ್ನಡ. ನಾನು ಕುಂದಾಪುರದ ಕಡೆಯವಳು, ನನ್ನ ತುಳು ಕೇಳಿದರೆ ಅವರಿಗೆ ತಲೆನೋವು ಬರುತ್ತದಂತೆ. ನಾನು ತೆಂಗಿನಕಾಯಿ ತುರಿಯುವ ರೀತಿ ನೋಡಿದರೂ ಬರುತ್ತದೆ.

ಡಾಕ್ಟರು ಮಿತಭಾಷಿ. ಅವರು ಅತ್ತೆಯ ಎಕ್ಸ್‌ರೇ ನೋಡಿ ಹೇಳಿದ್ದು ಇಷ್ಟೇ: ದಿನಾ ನಡೆಯಬೇಕು. ಸಂಕ್ರಾಂತಿಯೊಳಗೆ ಕೆರೆಯ ಸುತ್ತ, ನಡುವೆ ಎಲ್ಲೂ ಕೂರದೆ, ಒಂದು ಪೂರ್ತಿ ಸುತ್ತು ಬಂದರೆ ಮೆಟ್ಟಿಲು ಹತ್ತಲು ಬಿಡುತ್ತೇನೆ. ಮೆಟ್ಟಿಲು ಹತ್ತಿದರೆ ಡೊಂಬಿವಲಿ. ಇಲ್ಲದಿದ್ದರೆ ಆ ಎರಡನೇ ಮಹಡಿಯನ್ನು ಮರೆತುಬಿಡಿ.

ಅತ್ತೆ ಕೇಳಿದರು, "ಹೊರಟಲ್ಲಿಗೇ ವಾಪಸ್ ಬರ್ಲಿಕ್ಕೆ ನಾನು ಎಂತಕ್ಕೆ ಹೋಗುದು?"

ಡಾಕ್ಟರು ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ.

ಮೊದಲ ದಿನ ನೆರೆಮನೆಯವರ ವ್ಹೀಲ್‌ಚೇರ್ ಕೇಳಿ ತಂದು ಅತ್ತೆಯನ್ನು ಪಾರ್ಕಿಗೆ ಕರೆದುಕೊಂಡು ಹೋದೆ. ವಾಕಿಂಗ್ ಮಾಡುವವರನ್ನು ನೋಡಿಯಾದರೂ ಮನಸ್ಸಾಗಲಿ ಎಂದು ಗೇಟಿನ ಒಳಗೆ ನಿಲ್ಲಿಸಿದೆ. ಅರ್ಧ ಗಂಟೆ ಗಮನವಿಟ್ಟು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದು ಪಿಸುಗುಟ್ಟಿದರು: "ಆ ಹಸಿರು ಬನಿಯನಿನವ ಇದು ಆರನೇ ಸಲ ಬರುದು. ಪಾಪ, ಅವನಿಗೆ ಗೇಟು ಸಿಗ್ತಾ ಇಲ್ಲ. ಹೋಗಿ ಹೇಳು ಮಾರಾಯ್ತಿ."

ಕೋಪರಿನಲ್ಲಿ ನಿಲ್ಲದ ಗಾಡಿ

ಸುಮ್ಮನೆ ನಡೆಯುವುದು ಅತ್ತೆಯ ಜಾಯಮಾನದಲ್ಲೇ ಇರಲಿಲ್ಲ. ಕಾಲು ಎತ್ತಬೇಕಾದರೆ ಮುಂದೆ ಒಂದು ಊರು ಬೇಕು. ಮೂರನೇ ದಿನ ವಾಕರ್ ಕೊಟ್ಟು, "ಆ ಮೊದಲ ಬೆಂಚಿನ ತನಕ ಹೋಗೋಣ ಅತ್ತೆ," ಎಂದೆ.

"ಅಲ್ಲಿ ಎಂತ ಉಂಟು?"

ಬೇರೆ ಏನೂ ಹೊಳೆಯದೆ, ಡೊಂಬಿವಲಿಯ ಮುಂದಿನ ಸ್ಟೇಷನ್ನಿನ ಹೆಸರು ಹಿಡಿದು, "ಕೋಪರ್," ಎಂದುಬಿಟ್ಟೆ.

ಅತ್ತೆಯ ಮುಖದಲ್ಲಿ ಬೆಳಕು ಬಂತು. ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ಕೆರೆಯ ಒಂದು ಬದಿಯ ಬೆಂಚುಗಳನ್ನು ಎಣಿಸಿದರು. ನಾವು ನಿಂತ ಗೇಟು ಡೊಂಬಿವಲಿ. ಮೊದಲ ಬೆಂಚು ಕೋಪರ್, ಎರಡನೆಯದು ದಿವಾ, ಮೂರನೆಯದು ಮುಂಬ್ರಾ, ನಾಲ್ಕನೆಯದು ಕಲ್ವಾ. ಗೇಟಿಗೆ ಸರಿಯಾಗಿ ಎದುರು, ಕೆರೆಯ ಆಚೆ ದಂಡೆಯಲ್ಲಿ, ಅರಳಿಮರದ ಕೆಳಗಿನ ಐದನೇ ಬೆಂಚು ಥಾಣೆ. ಮೂವತ್ತೊಂದು ವರ್ಷದ ದಾರಿ ಕಣ್ಣೆದುರು ಸಾಲಾಗಿ ನಿಂತಿತ್ತು.

ವಾಕರ್ ಊರುತ್ತಾ ಹೊರಟರು. ಮೊದಲ ಬೆಂಚು ಬಂತು. ಖಾಲಿಯಿತ್ತು. ನಾನು, "ಬಂತು ಅತ್ತೆ, ಕೂತ್ಕೊಳ್ಳಿ," ಎಂದೆ. ಅತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಕೋಪರಿನಲ್ಲಿ ಎಂತಕ್ಕೆ ಕೂರುದು? ಅದು ಆಮೇಲೆ ಬಂದ ಸ್ಟೇಷನ್. ನಾನು ಹೋಗುವಾಗ ಇರ್ಲೇ ಇಲ್ಲ. ನನ್ನ ಗಾಡಿ ನಿಲ್ಲುದು ದಿವಾದಲ್ಲಿ."

ಆ ದಿನಕ್ಕೆ ನೂರು ಹೆಜ್ಜೆ ಸಾಕು ಎಂದಿದ್ದರು ಡಾಕ್ಟರು. ಅತ್ತೆ ತತ್ವಕ್ಕೋಸ್ಕರ ಇನ್ನೂರು ನಡೆದರು. ನಾನು ವ್ಹೀಲ್‌ಚೇರ್ ತಳ್ಳಿಕೊಂಡು ಹಿಂದೆ ಓಡಿದೆ.

ಅಲ್ಲಿಂದ ಮುಂದೆ ದಿನಾ ಅದೇ ಕ್ರಮ. ಅತ್ತೆ ನಡೆದು ಒಂದು ಸ್ಟೇಷನ್ ತಲುಪುವುದು, ಕೂರುವುದು, ವಾಪಸ್ ವ್ಹೀಲ್‌ಚೇರಿನಲ್ಲಿ ಬರುವುದು. ದೀಪಾವಳಿಗೆ ವಾಕರ್ ಹೋಗಿ ಊರುಗೋಲು ಬಂತು. ನನ್ನ ಗಂಡ ರಬಾಳೆಯ ಕಾರ್ಖಾನೆಯಿಂದ ಸಂಜೆ ಬಂದವನೇ, "ಅಮ್ಮ, ಇವತ್ತು ಎಲ್ಲಿಗೆ ಮುಟ್ಟಿತು?" ಎಂದು ಕೇಳುವುದು ರೂಢಿಯಾಯಿತು. ಒಮ್ಮೆ ಮಂಡಿ ನೋವು ಬಂದು ದಿವಾ ಮತ್ತು ಮುಂಬ್ರಾದ ಮಧ್ಯೆಯೇ ಅತ್ತೆ ನಾಲ್ಕು ದಿನ ಸಿಕ್ಕಿಕೊಂಡರು. ಮಗ ಚಿಂತೆಯಿಂದ ಏನಾಯಿತಮ್ಮ ಎಂದ. ನೋವು ಎಂದು ಒಪ್ಪಿಕೊಳ್ಳುವ ಜಾತಿಯವರಲ್ಲ ಅವರು. "ಎಂತ ಇಲ್ಲ. ಸಿಗ್ನಲ್ ಬೀಳ್ಲಿಲ್ಲ," ಎಂದರು.

ನೀವು ಎಲ್ಲಿ ಇಳೀತೀರಿ?

ಲೋಕಲ್ ಟ್ರೇನಿನಲ್ಲಿ ಹೋಗದವರಿಗೆ ಒಂದು ಮಾತು ಹೇಳಬೇಕು. ಲೇಡೀಸ್ ಡಬ್ಬಾ ಹತ್ತಿದ ಹೆಂಗಸು ಮೊದಲು ಮಾಡುವ ಕೆಲಸ, ಕೂತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದು. ಹತ್ತಿರದ ಸ್ಟೇಷನ್ನಿನಲ್ಲಿ ಇಳಿಯುವವಳ ಸೀಟು ಮೊದಲು ಕೇಳಿದವಳಿಗೆ. ಒಮ್ಮೆ ಮಾತಾದರೆ ಆಯಿತು, ಆಮೇಲೆ ಯಾರು ಬಂದರೂ ಅದು ಬದಲಾಗುವುದಿಲ್ಲ.

ಅತ್ತೆ ದಿವಾ ಬೆಂಚಿಗೆ ಹೋದ ಒಂದು ದಿನ ಅದು ಭರ್ತಿಯಾಗಿತ್ತು. ಮೂವರ ಬೆಂಚಿನಲ್ಲಿ ಮೂವರು ಮರಾಠಿ ಅಜ್ಜಂದಿರು ಪೇಪರ್ ಹಂಚಿಕೊಂಡು ಓದುತ್ತಿದ್ದರು. ಅತ್ತೆ ಎದುರು ನಿಂತು, ತುದಿಯಲ್ಲಿದ್ದವರನ್ನು ಮರಾಠಿಯಲ್ಲಿ ಗಂಭೀರವಾಗಿ ಕೇಳಿದರು: ನೀವು ಎಲ್ಲಿ ಇಳೀತೀರಿ?

ಬೇರೆ ಊರಿನವರಾಗಿದ್ದರೆ ಹೆದರಿ ಎದ್ದು ಹೋಗುತ್ತಿದ್ದರು. ಇವರು ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ನಲವತ್ತು ವರ್ಷ ಕಲ್ಯಾಣದಿಂದ ಗಾಡಿ ಹತ್ತಿದವರು. ಕನ್ನಡಕ ತೆಗೆದು, ಯೋಚಿಸಿ, ಅಷ್ಟೇ ಗಂಭೀರವಾಗಿ ಉತ್ತರಿಸಿದರು: "ಸೊಸೆ ಎಂಟು ಗಂಟೆಗೆ ಚಹಾಕ್ಕೆ ಫೋನ್ ಮಾಡುತ್ತಾಳೆ. ಆಗ ಇಳೀತೀನಿ."

"ಹಾಗಾದ್ರೆ ಆ ಸೀಟು ನನಗೆ."

"ನಿಮಗೇ. ಆದರೆ ಅಲ್ಲಿ ತನಕ ನಿಂತೇ ಇರ್ತೀರಾ? ಸ್ವಲ್ಪ ಸರೀತೇವೆ, ನಾಲ್ಕನೇ ಸೀಟು ಮಾಡಿ."

ಮೂವರು ಕೂರುವಲ್ಲಿ ನಾಲ್ಕನೆಯವರು ಅರ್ಧ ಸೊಂಟ ಊರಿ ಕೂರುವುದಕ್ಕೆ ಇಲ್ಲಿ ನಾಲ್ಕನೇ ಸೀಟು ಎನ್ನುತ್ತಾರೆ. ಅತ್ತೆ ಕೂತರು. ಆಪರೇಷನ್ ಆಗಿದ್ದದ್ದು ಬಲಗಡೆ, ಊರಿದ್ದು ಎಡಗಡೆ, ಹಾಗಾಗಿ ಡಾಕ್ಟರಿಗೂ ತಕರಾರಿಲ್ಲ. ಎಂಟು ಗಂಟೆಗೆ ಸರಿಯಾಗಿ ಬ್ಯಾಂಕಿನವರ ಫೋನ್ ಹೊಡೆದುಕೊಂಡಿತು. ಅವರು ಅದನ್ನು ಎತ್ತುವ ಮೊದಲೇ ಅತ್ತೆ ಹೇಳಿದರು, "ನಿಮ್ಮ ಸ್ಟೇಷನ್ ಬಂತು."

ಒಂದು ವಾರದಲ್ಲಿ ಇಡೀ ಪಾರ್ಕಿಗೆ ಈ ರೋಗ ಹಬ್ಬಿತು.

ನಗುವ ಸಂಘ

ಥಾಣೆ ಬೆಂಚಿನ ಅರಳಿಮರದ ಕೆಳಗೆ ಒಂದು ನಗುವ ಸಂಘ ಸೇರುತ್ತದೆ. ಒಂಬತ್ತು ಜನ ಹಿರಿಯರು ಕೈ ಮೇಲೆತ್ತಿ, ಮುಖ್ಯಸ್ಥರು ಸೀಟಿ ಊದಿದ ಕೂಡಲೇ ಒಟ್ಟಿಗೆ ಹಾ ಹಾ ಹಾ ಎನ್ನುವುದು. ಶ್ವಾಸಕೋಶಕ್ಕೆ ಒಳ್ಳೆಯದಂತೆ. ಅತ್ತೆ ಕಲ್ವಾ ಬೆಂಚಿನಲ್ಲಿ ಕೂತು ಇದನ್ನು ಎರಡು ದಿನ ನೋಡಿದರು. ಇಷ್ಟು ಜನ ಇಷ್ಟು ಜೋರಾಗಿ ನಗುತ್ತಾರೆಂದರೆ ಏನೋ ಭಾರಿ ಸಂಗತಿ ಇರಬೇಕು ಎಂದು ಅವರಿಗೆ ಚಡಪಡಿಕೆ. ಮೂರನೇ ದಿನ ಆ ಕುತೂಹಲವೇ ಅವರನ್ನು ಕಲ್ವಾದಿಂದ ಥಾಣೆಗೆ ಹತ್ತು ಹೆಜ್ಜೆ ಹತ್ತಿರ ತಂದಿತು.

"ಎಂತ ಆಯ್ತು ಅಂತ ನಮಗೂ ಸ್ವಲ್ಪ ಹೇಳಿ," ಎಂದು ಹಿಂದಿಯಲ್ಲಿ ಕೇಳಿದರು.

ಏನೂ ಆಗಿಲ್ಲ, ಸುಮ್ಮನೆ ನಗುತ್ತೇವೆ ಎಂದರು ಮುಖ್ಯಸ್ಥರು.

ಅತ್ತೆಗೆ ತುಂಬ ಕನಿಕರವಾಯಿತು. ನಗಲು ಒಂದು ಕಾರಣವೂ ಇಲ್ಲದ ಜನ. ಅಲ್ಲೇ ನಿಂತು, ತಮ್ಮ ಆಫೀಸಿನ ಸಾಹೇಬರು ಮೇಲಿನಿಂದ ಬಂದ ವರ್ಗಾವಣೆಯ ಪತ್ರ ನೋಡಿ ಡಿಕ್ಟೇಟ್ ಮಾಡುತ್ತಾ ಮಾಡುತ್ತಾ ಅದು ತಮ್ಮದೇ ವರ್ಗಾವಣೆ ಎಂದು ಕೊನೆಯ ಸಾಲಿನಲ್ಲಿ ತಿಳಿದುಕೊಂಡ ಕಥೆಯನ್ನು ಅಭಿನಯಸಹಿತ ಹೇಳಿದರು. ನಾನು ಬೆಂಚು ಹಿಡಿದುಕೊಂಡು ನಕ್ಕೆ. ಪೈಪು ಹಿಡಿದ ಮಾಳಿ ನಕ್ಕು ತನ್ನ ಕಾಲಿಗೇ ನೀರು ಬಿಟ್ಟುಕೊಂಡ. ಸಂಘದ ಒಂಬತ್ತು ಜನರಲ್ಲಿ ಒಬ್ಬರೂ ತುಟಿ ಅಲುಗಿಸಲಿಲ್ಲ. ಎಲ್ಲರೂ ಮುಖ್ಯಸ್ಥರ ಮುಖ ನೋಡುತ್ತಿದ್ದರು.

ಅವರು ಇನ್ನೂ ಸೀಟಿ ಊದಿರಲಿಲ್ಲ.

ಪಾಪ ಎಂದು ಕೊಟ್ಟ ಸೀಟು

ಒಂದು ಬೆಳಿಗ್ಗೆ ಮುಂಬ್ರಾ ಬೆಂಚಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಪುಸ್ತಕ ಹರಡಿಕೊಂಡು ಕೂತಿದ್ದಳು. ಊರುಗೋಲು ಹಿಡಿದು ಬರುವ ಅತ್ತೆಯನ್ನು ಕಂಡದ್ದೇ ಪುಸ್ತಕ ಬಾಚಿಕೊಂಡು ಎದ್ದು, "ಆಜಿ, ಬಸಾ ನಾ," ಎಂದಳು. ಒಳ್ಳೆಯ ಹುಡುಗಿ. ಅಜ್ಜಿ ಕೂತ್ಕೊಳ್ಳಿ ಎಂದಳಲ್ಲ, ಅಷ್ಟು ಮೃದುವಾಗಿ ನನಗಂತೂ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಅತ್ತೆಯ ಮುಖ ಬಿಗಿಯಿತು. "ನಾನು ಕೇಳಿದೆನಾ?" ಎಂದು ಮರಾಠಿಯಲ್ಲಿ ಹೇಳಿ, ಅಲ್ಲಿ ನಿಲ್ಲದೆ ಮುಂದೆ ಹೊರಟರು. ಹುಡುಗಿ ಬಾಯಿಬಿಟ್ಟು ನಿಂತಳು. ನಾನು ಅವಳಿಗೆ ಕೈಮುಗಿದು ಅತ್ತೆಯ ಹಿಂದೆ ಓಡಿದೆ.

"ಪಾಪ, ಗೌರವದಿಂದ ಕೊಟ್ಟಳು ಅತ್ತೆ."

"ಪಾಪ ಅಂತ ಕೊಟ್ಟದ್ದು, ಗೌರವದಿಂದ ಅಲ್ಲ. ಬಸುರಿ ಇದ್ದಾಗ ಸಹ ನಾನು ಕೇಳಿ, ಸರತಿಯಲ್ಲಿ ನಿಂತು, ಸೀಟು ತಗೊಂಡವಳು. ಈಗ ಧರ್ಮಕ್ಕೆ ಕೂರುದಾ?"

ಆ ಸಿಟ್ಟಿನಲ್ಲಿ ಮುಂಬ್ರಾ ದಾಟಿ ಸೀದಾ ಕಲ್ವಾ ಮುಟ್ಟಿದರು. ಅಲ್ಲಿಯವರೆಗೆ ಒಂದೇ ಉಸಿರಿಗೆ ಅಷ್ಟು ದೂರ ನಡೆದದ್ದೇ ಇಲ್ಲ. ಮನೆಗೆ ಬಂದು ಎಣ್ಣೆ ತಿಕ್ಕುತ್ತಾ, ಕಾಲು ನೋಯುತ್ತಿದೆಯೇ ಎಂದು ಕೇಳಿದೆ.

"ಕಾಲು ನೋಯ್ತಾ ಇಲ್ಲ. ಆ ಹುಡುಗಿ ನನ್ನನ್ನು ಅಜ್ಜಿ ಅಂದದ್ದು ನೋಯ್ತಾ ಉಂಟು," ಎಂದರು. ಪಕ್ಕದಲ್ಲೇ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ನನ್ನ ಮಗಳು ತಲೆಯೆತ್ತಿ, "ಅಜ್ಜೀ, ಮೈ ಕ್ಯಾ ಬೋಲೂಂ ಫಿರ್?" ಎಂದಳು, ಹಾಗಾದರೆ ತಾನೇನೆಂದು ಕರೆಯಲಿ ಎಂದು.

ಪಾಸಿನ ಗಡಿ

ಡಿಸೆಂಬರಿನ ಕೊನೆಗೆ ಅತ್ತೆ ಥಾಣೆ ತಲುಪಿದರು. ದಾರಿಯಲ್ಲಿ ಒಂದೆರಡು ಕಡೆ ಕೂತು, ದಣಿವಾರಿಸಿಕೊಂಡು, ಆದರೂ ತಮ್ಮದೇ ಕಾಲಲ್ಲಿ. ಅರಳಿಮರದ ಕೆಳಗೆ ಕೂತು ಕೆರೆಯನ್ನು ಆ ಕಡೆಯಿಂದ ಮೊದಲ ಸಲ ನೋಡಿದರು. ನೀರಿನ ಮೇಲೆ ಬಿಸಿಲು ಬಿದ್ದಿತ್ತು. ಆಚೆ ದಂಡೆಯ ಗೇಟು ಬೆಂಕಿಪೆಟ್ಟಿಗೆಯಷ್ಟು ಕಾಣುತ್ತಿತ್ತು. "ಅಲ್ಲಿಂದ ಬಂದೆನಾ ನಾನು?" ಎಂದರು. ಕೈಕಾಲು ಗಟ್ಟಿಯಿರುವ ನಾನು ವರ್ಷಗಟ್ಟಲೆ ಬೇಲಾಪುರಕ್ಕೆ ಹೋಗಿ ಬಂದು ಮಾಡಿದ್ದಕ್ಕಿಂತ ದೊಡ್ಡ ಕೆಲಸವನ್ನು ಈ ಹೆಂಗಸು ಎರಡು ತಿಂಗಳಲ್ಲಿ ಮಾಡಿದ್ದರು.

"ಇನ್ನು ನಾಳೆ ಇಲ್ಲಿಂದ ಮುಂದೆ, ಆ ಬದಿಯಿಂದ ಗೇಟಿಗೆ," ಎಂದೆ.

"ಮುಂದೆ ಎಂತ? ನನ್ನ ಪಾಸ್ ಥಾಣೆ ತನಕ."

"ಇದು ಪಾರ್ಕು ಅತ್ತೆ. ಟಿಕೆಟ್ಟೇ ಇಲ್ಲ."

"ಮೂವತ್ತೊಂದು ವರ್ಷ ಟಿಸಿ ಕೈಗೆ ಸಿಕ್ಕಿದವಳಲ್ಲ. ಈಗ ಸಿಕ್ಕಿದ್ರೆ ದಂಡ ಯಾರು ಕೊಡುದು, ನೀನಾ?"

ನಗುತ್ತಲೇ ಹೇಳಿದರು, ಆದರೆ ಮುಂದಿನ ದಾರಿಗೆ ಬೆನ್ನು ಮಾಡಿ ಊರುಗೋಲನ್ನು ಬೆಂಚಿಗೆ ಒರಗಿಸಿಟ್ಟರು. ಅವರಿಗೆ ಹೆದರಿಕೆಯಾಗಿದೆ ಎಂದು ನನಗೆ ಆಗ ಗೊತ್ತಾಯಿತು. ಇಷ್ಟು ದೂರ ಬಂದದ್ದು ಕಂಡ ದಾರಿ, ಎಣಿಸಿದ ಬೆಂಚು. ಥಾಣೆಯಿಂದ ಆಚೆ ದಾರಿ ಸ್ವಲ್ಪ ಇಳಿಜಾರು, ಮರೆಯಲ್ಲಿ ತಿರುಗುತ್ತದೆ. ಇನ್ನೊಮ್ಮೆ ಬಿದ್ದರೆ ಎಂಬ ಯೋಚನೆಯನ್ನು ಅವರು ಪಾಸಿನೊಳಗೆ ಮುಚ್ಚಿಟ್ಟಿದ್ದರು.

ದಿನಾ ಥಾಣೆ ತಲುಪುವುದು, ಕೂರುವುದು, ವ್ಹೀಲ್‌ಚೇರ್ ಏರುವುದು. ಸಂಕ್ರಾಂತಿಗೆ ಒಂದು ವಾರ ಉಳಿಯಿತು. ನನ್ನ ಗಂಡ ಊಟಕ್ಕೆ ಕೂತಾಗ, "ಅಮ್ಮ, ಡೊಂಬಿವಲಿ ಮನೆಯನ್ನು ಬಾಡಿಗೆಗೆ ಕೊಟ್ಟುಬಿಡೋಣವಾ?" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅತ್ತೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಣ್ಣತೊಡಗಿದರು. ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಕೂಡ ಹೇಳಲಿಲ್ಲ. ಉಪ್ಪು ನಿಜವಾಗಿಯೂ ಕಡಿಮೆಯಿತ್ತು.

ಇವರು ಯಾವಾಗ ಡೊಂಬಿವಲಿಗೆ ಹೋಗುತ್ತಾರೋ ಎಂದು ದಿನ ಎಣಿಸುತ್ತಿದ್ದವಳು ನಾನು. ಆದರೆ ಹೀಗೆ ಬಾಯಿ ಮುಚ್ಚಿಕೊಂಡು ಉಣ್ಣುವ ಅತ್ತೆಯನ್ನು ನೋಡುವುದು ನನ್ನಿಂದಾಗಲಿಲ್ಲ. ಆಗ ಮುಂಬ್ರಾ ಬೆಂಚಿನ ಹುಡುಗಿ ನೆನಪಾದಳು. ಅತ್ತೆಯನ್ನು ಕೂರಲು ಬಿಡದೆ ನಡೆಸುವ ಉಪಾಯ ಜಗತ್ತಿನಲ್ಲಿ ಒಂದೇ ಇತ್ತು. ಕೇಳುವ ಮೊದಲೇ ಎಲ್ಲರೂ ಎದ್ದು ಸೀಟು ಕೊಡಬೇಕು.

ಪಾರ್ಕು ಎದ್ದು ನಿಂತ ದಿನ

ಬ್ಯಾಂಕಿನವರಿಗೆ ವಿಷಯ ಹೇಳಿದೆ. ಅವರು ಪೇಪರ್ ಮಡಿಚಿಟ್ಟು, ಆಡಿಟ್ ಬರುವ ಹಿಂದಿನ ದಿನದ ಹಾಗೆ ಎದ್ದು ನಿಂತರು. ಭಾನುವಾರ ಬೆಳಿಗ್ಗೆಗೆ ಎಲ್ಲ ಏರ್ಪಾಡು ಆಯಿತು. ದಿವಾದಲ್ಲಿ ಅವರು ಮತ್ತು ಇಬ್ಬರು ಗೆಳೆಯರು. ಮುಂಬ್ರಾದಲ್ಲಿ ಕಾಲೇಜು ಹುಡುಗಿ, ಜೊತೆಗೆ ಅವಳ ಗೆಳತಿಯರು. ಕಲ್ವಾದಲ್ಲಿ ಮಾಳಿಯ ಹೆಂಡತಿ ಮತ್ತು ಅವಳ ಅಕ್ಕ. ಥಾಣೆಯಲ್ಲಿ ನಗುವ ಸಂಘ. ನನ್ನ ಲೆಕ್ಕ ಇಷ್ಟೇ: ಎಲ್ಲೂ ಕೂರಲಾಗದೆ ಅತ್ತೆ ಥಾಣೆ ತನಕ ಹೋಗುತ್ತಾರೆ, ಪಾಸ್ ಮುಗಿದದ್ದರಿಂದ ಅದೇ ದಾರಿಯಲ್ಲಿ ತಿರುಗುತ್ತಾರೆ. ಎಲ್ಲರೂ ಇನ್ನೊಮ್ಮೆ ಏಳುತ್ತಾರೆ. ಹೋಗಿ ಬಂದರೆ ಒಂದು ಸುತ್ತಿನಷ್ಟೇ ಆಯಿತು, ಡಾಕ್ಟರನ್ನು ಒಪ್ಪಿಸುವುದು ನನ್ನ ಕೆಲಸ.

ಅತ್ತೆಯ ಪಕ್ಕದಲ್ಲಿ ನಡೆಯಲು ನನ್ನ ಗಂಡನನ್ನು ಕಳಿಸಿದೆ. ಅವನಿಗೆ ಏನೂ ಹೇಳಿರಲಿಲ್ಲ. ಗುಟ್ಟು ಅವನ ಮುಖದಲ್ಲಿ ಬೋರ್ಡು ಹಾಕಿದ ಹಾಗೆ ಕಾಣುತ್ತದೆ. ನಾನು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಹೇಳಿ, ಸಾಲುಪೊದೆಗಳ ಹಿಂದಿನಿಂದ ನೋಡುತ್ತಾ ಹೋದೆ.

ದಿವಾದಲ್ಲಿ ಮೂವರೂ ಒಟ್ಟಿಗೆ ಎದ್ದರು. ಅತ್ತೆ ಹುಬ್ಬೇರಿಸಿ ಮುಂದೆ ಹೋದರು. ಮುಂಬ್ರಾದಲ್ಲಿ ಹುಡುಗಿಯರು ಎದ್ದರು. ಕಲ್ವಾದಲ್ಲಿ ಮಾಳಿಯ ಹೆಂಡತಿ ಎದ್ದು ಬೆಂಚಿನ ಧೂಳನ್ನು ಸೆರಗಿನಿಂದ ಒರೆಸಿಯೂ ತೋರಿಸಿದಳು. ಹೆಡ್‌ಮಾಸ್ತರರು ಬಂದಾಗ ಕ್ಲಾಸು ಏಳುವಂತೆ ಒಂದೊಂದಾಗಿ ಬೆಂಚುಗಳು ಏಳುತ್ತಿದ್ದವು. ನನ್ನ ಗಂಡನಿಗೆ ಕಣ್ಣಲ್ಲಿ ನೀರು. "ಅಮ್ಮ, ನಿನಗೆ ಇಲ್ಲಿ ಇಷ್ಟು ಮರ್ಯಾದೆ ಉಂಟಾ?" ಎಂದು ಕೇಳುತ್ತಿದ್ದ. ಅತ್ತೆ, "ನೀನು ಸುಮ್ಮನೆ ನಡಿ," ಎಂದರು.

ಥಾಣೆಯಲ್ಲಿ ಬೆಂಚಿನಲ್ಲಿದ್ದವರು ನಾಲ್ವರು, ಸುತ್ತ ನಿಂತವರು ಐವರು. ಮುಖ್ಯಸ್ಥರು ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟರು. ಕೂತ ನಾಲ್ವರೂ ಎದ್ದು, ಒಂಬತ್ತು ಜನ ಒಟ್ಟಿಗೆ ಹಾ ಹಾ ಹಾ ಎಂದರು. ಅತ್ತೆ ಒಂದು ಗಳಿಗೆ ನಿಂತರು. ಪೊದೆಯ ಹಿಂದೆ ನಾನು ದೇವರನ್ನು ನೆನೆದೆ. ತಿರುಗಿ ಬರುತ್ತಾರೆ ಎಂದುಕೊಂಡೆ. ಅವರು ತಿರುಗಲಿಲ್ಲ. ಊರುಗೋಲು ಮುಂದೆ ಊರಿ, ಪಾಸಿನ ಗಡಿ ದಾಟಿ, ಆಚೆಯ ಇಳಿಜಾರಿಗೆ ಕಾಲಿಟ್ಟರು.

ಆ ಬದಿಯಲ್ಲಿ ಮೂರು ಬೆಂಚುಗಳು. ಒಂದಕ್ಕೂ ನಾನು ಏರ್ಪಾಡು ಮಾಡಿರಲಿಲ್ಲ.

ನಾನು ಓಡಿದೆ. ಮದುವೆಯಾದ ಮೇಲೆ ನಾನು ಹೀಗೆ ಓಡಿದ್ದೇ ಇಲ್ಲ, ಟ್ರೇನು ತಪ್ಪಿದರೆ ಮುಂದಿನದಕ್ಕೆ ಕಾಯುವವಳು. ಮೊದಲ ಬೆಂಚಿನಲ್ಲಿ ನಿಜವಾದ ಮುಂಬ್ರಾ ಊರಿನಿಂದ ತಿರುಗಾಡಲು ಬಂದ ಇಬ್ಬರು ಹೆಂಗಸರು ಡಬ್ಬಿ ಬಿಚ್ಚಲು ಹೊರಟಿದ್ದರು. ಏದುಸಿರಿನಲ್ಲಿ ಹಿಂದಿಯಲ್ಲಿ ಹೇಳಿದೆ: ನಮ್ಮ ಅತ್ತೆ ಬರುತ್ತಾರೆ, ದಯವಿಟ್ಟು ಎದ್ದು ನಿಲ್ಲಿ, ಅವರು ಕೂರುವುದಿಲ್ಲ, ಆದರೂ ನಿಲ್ಲಿ. ಅವರಿಗೆ ಏನು ಅರ್ಥವಾಯಿತೋ, ನನ್ನ ಅವಸ್ಥೆ ನೋಡಿ ಇಬ್ಬರೂ ಎದ್ದು, "ಪಹಲೇ ಆಪ್ ಬೈಠಿಯೇ ಬಾಜಿ," ಮೊದಲು ನೀವು ಕೂರಿ ಅಕ್ಕಾ, ಎಂದು ನನಗೆ ಸೀಟು ಕೊಟ್ಟು ನೀರೂ ಕೊಟ್ಟರು. ನೀರು ಕುಡಿದು ಪೊದೆಗೆ ಹಾರಿದೆ. ಅತ್ತೆ ಬರುವಾಗ ಅವರು ಎದ್ದೇ ಇದ್ದರು.

ಎರಡನೇ ಬೆಂಚಿನಲ್ಲಿ ಒಬ್ಬರು ಕಣ್ಣು ಮುಚ್ಚಿ, ಒಂದು ಮೂಗಿನ ಹೊಳ್ಳೆ ಹಿಡಿದು ಪ್ರಾಣಾಯಾಮ ಮಾಡುತ್ತಿದ್ದರು. ಕಿವಿಯ ಹತ್ತಿರ ಹೋಗಿ ಬೇಡಿಕೊಂಡೆ. ಮಹಾನುಭಾವರು ಕಣ್ಣು ತೆರೆಯಲಿಲ್ಲ, ಹೊಳ್ಳೆ ಬಿಡಲಿಲ್ಲ, ಹಾಗೆಯೇ ಎದ್ದು ನಿಂತರು. ಅಂಥವರನ್ನು ಕಂಡರೆ ಈ ಊರಿನ ಮೇಲೆ ಪ್ರೀತಿ ಹೆಚ್ಚುತ್ತದೆ.

ಮೂರನೆಯದರಲ್ಲಿ ಒಂದು ಜೋಡಿ, ಕಾಲೇಜಿನವರು, ತಲೆಗೆ ತಲೆ ತಾಗಿಸಿ ಕೂತಿದ್ದರು. ಬೆವರು ಸುರಿಸುತ್ತಾ ತಮ್ಮ ಕಡೆ ಓಡಿ ಬರುವ ದಪ್ಪ ಹೆಂಗಸನ್ನು ನೋಡಿ, ಹುಡುಗಿಯ ಚಿಕ್ಕಮ್ಮನೋ ದೊಡ್ಡಮ್ಮನೋ ಇರಬೇಕು ಎಂದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ ಇಬ್ಬರೂ ಎರಡು ದಿಕ್ಕಿಗೆ ಪರಾರಿ. ಬೆಂಚು ಪೂರ್ತಿ ಖಾಲಿ. ಅತ್ತೆ ತಿರುವಿನಲ್ಲಿ ಕಾಣಿಸಿಕೊಂಡರು, ಕಾಲು ಎಳೆಯುತ್ತಿತ್ತು. ಗೇಟಿಗೆ ಇನ್ನು ಮೂವತ್ತೇ ಹೆಜ್ಜೆ. ಖಾಲಿ ಬೆಂಚು ಕಂಡರೆ ಕೂತೇಬಿಡುತ್ತಾರೆ.

ಲೋಕಲ್ ಟ್ರೇನಿನ ಕಿಟಕಿಯಿಂದ ಕೈ ಹಾಕಿ ಸೀಟಿನ ಮೇಲೆ ಒಂದು ಕರ್ಚೀಫ್ ಎಸೆದರೆ ಆ ಜಾಗ ಎಸೆದವರದ್ದು. ಅದನ್ನು ಸರಿಸಿ ಕೂರುವವರು ಮನುಷ್ಯರೇ ಅಲ್ಲ ಎಂಬುದು ಅತ್ತೆಯ ನಂಬಿಕೆ. ಸೊಂಟದಿಂದ ಕರ್ಚೀಫ್ ಎಳೆದು ಬೆಂಚಿನ ನಡುವೆ ಹಾಸಿ, ಗೇಟಿನ ಕಟ್ಟೆಯ ಹತ್ತಿರ ಹೋಗಿ ಕುಸಿದು ಕೂತೆ.

ಅತ್ತೆ ಬೆಂಚಿನ ಎದುರು ನಿಂತರು. ಕರ್ಚೀಫ್ ನೋಡಿದರು. ಮಗ, "ಕೂತ್ಕೊ ಅಮ್ಮ, ಯಾರೂ ಇಲ್ಲ," ಎಂದ. ಅವರು ಬಗ್ಗಿ ಏನೋ ಮಾಡಿ, ಮತ್ತೆ ನೆಟ್ಟಗಾಗಿ, ನಡೆದು ಗೇಟಿಗೆ ಬಂದರು. ನಡುವೆ ಎಲ್ಲೂ ಕೂರದೆ, ಒಂದು ಪೂರ್ತಿ ಸುತ್ತು. ಕೆರೆಯ ಆಚೆ ದಂಡೆಯಲ್ಲಿ ಸೀಟಿ ಕೇಳಿತು, ಆಮೇಲೆ ಹಾ ಹಾ ಹಾ. ಈ ಸಲ ಅವರು ನಿಜವಾಗಿಯೇ ನಗುತ್ತಿದ್ದರು.

ಅತ್ತೆ ಕಟ್ಟೆಯ ಮೇಲೆ ನನ್ನ ಪಕ್ಕದಲ್ಲಿ ಕೂತು, ಮುಷ್ಟಿ ಬಿಚ್ಚಿ ನನ್ನ ಕರ್ಚೀಫನ್ನು ನನ್ನ ಮಡಿಲಿಗೆ ಹಾಕಿದರು.

"ತಗೋ. ಮುಖ ಒರೆಸು."

"ನಿಮಗೆ ಗೊತ್ತಾಯ್ತಾ ಅತ್ತೆ?"

"ದಿವಾದಲ್ಲೇ ಗೊತ್ತಾಯ್ತು. ಕೇಳದೆ ಮೂರು ಜನ ಒಟ್ಟಿಗೆ ಏಳ್ತಾರೆ ಅಂದ್ರೆ ನಂಬ್ಲಿಕ್ಕೆ ನಾನು ಎಂತ, ಮೊನ್ನೆ ಮೊನ್ನೆ ಮುಂಬಯಿಗೆ ಬಂದವಳಾ?"

"ಮತ್ತೆ ಥಾಣೆಯಲ್ಲಿ ಯಾಕೆ ತಿರುಗಲಿಲ್ಲ?"

"ತಿರುಗುವ ಅಂತಲೇ ನಿಂತೆ. ಆಗ ಪೊದೆಯ ಹಿಂದೆ ನೀನು ಕಂಡೆ. ನನಗೋಸ್ಕರ ಅಷ್ಟು ಕಷ್ಟ ಪಡ್ತಾ ಇದ್ದಿ. ಒಂದು ಹೆಜ್ಜೆ ಮುಂದೆ ಇಟ್ಟೆ, ನೀನು ಓಡಿದಿ. ಇನ್ನೊಂದು ಇಟ್ಟೆ, ಇನ್ನೂ ಜೋರು ಓಡಿದಿ. ಇಪ್ಪತ್ತಾರು ವರ್ಷದಲ್ಲಿ ನಿನ್ನನ್ನು ಹಾಗೆ ನೋಡಿರ್ಲಿಲ್ಲ. ಹೆದರಿಕೆ ಎಲ್ಲ ಮರ್ತೇ ಹೋಯ್ತು."

ನನಗೆ ಅಳು ಬಂದುಬಿಟ್ಟಿತು. ಗಂಡ ಕಣ್ಣು ಕಣ್ಣು ಬಿಡುತ್ತಾ ನಿಂತಿದ್ದ. "ಇನ್ನು ನೀವು ಡೊಂಬಿವಲಿಗೆ ಹೊರಟುಬಿಡ್ತೀರಿ," ಎಂದೆ. ಹೋಗಲಿ ಎಂದು ಮೂರು ತಿಂಗಳಿಂದ ಕಾಯುತ್ತಿದ್ದವಳ ಬಾಯಿಂದ ಬಂದ ಮಾತು ಅದು.

ಅತ್ತೆ ನನ್ನನ್ನು ತಲೆಯಿಂದ ಕಾಲಿನ ತನಕ ನಿಧಾನವಾಗಿ ಅಳೆದು ನೋಡಿದರು.

"ಹೋಗುದೇ. ಆದ್ರೆ ಈಗ ಅಲ್ಲ," ಎಂದರು. "ನಾಳೆ ಆ ವ್ಹೀಲ್‌ಚೇರ್ ನೆರೆಮನೆಗೆ ವಾಪಸ್ ಕೊಡು. ನಾನು ಇಲ್ಲಿ ಕೂತು ಎಣಿಸ್ತೇನೆ. ನೀನು ಕೂರದೆ ಎರಡು ಸುತ್ತು ಓಡಿದ ದಿನ ನಾನು ಡೊಂಬಿವಲಿ."